ಅಕ್ಕನ ಮನೆಯ ಬೆಳ್ಳಿ ರೂಪಾಯಿ

ನಾನು ಹಳೆಯ ನಾಣ್ಯ ಕೂಡಿಸುತ್ತೇನೆ ಎಂಬ ಸುದ್ದಿ ಬಾಗಲಕೋಟೆಯ ನವನಗರದಲ್ಲಿ ಯಾರು ಹಬ್ಬಿಸಿದರೋ ಗೊತ್ತಿಲ್ಲ. ಹಬ್ಬಿದ ದಿನದಿಂದ ನನ್ನ ನೆಮ್ಮದಿ ಹಾಳಾಗಿದೆ. ಮೊಬೈಲಿನಲ್ಲಿ ಯಾವನೋ ಪುಣ್ಯಾತ್ಮ ವಿಡಿಯೋ ಹಾಕಿರುತ್ತಾನೆ, ದೇವಿಯ ಚಿತ್ರವಿರುವ ಐದು ರೂಪಾಯಿ ನಿಮ್ಮಲ್ಲಿದ್ದರೆ ನೀವು ಲಕ್ಷಾಧೀಶರು ಎಂದು. ಮರುದಿನ ನಾನಿನ್ನೂ ಹಲ್ಲುಜ್ಜುತ್ತಿರುತ್ತೇನೆ, ಗೇಟಿನ ಸಪ್ಪಳ.

"ಮಾಸ್ತರ, ಇದಕ್ಕ ಎಷ್ಟ ಬರ್ತೈತ್ರಿ?"

"ಐದು ರೂಪಾಯಿ ಬರ್ತೈತ್ರಿ."

ಅವರು ನನ್ನನ್ನು ಅನುಮಾನದಿಂದ ನೋಡುತ್ತಾರೆ. ನಾನೇ ಅದನ್ನು ಅಗ್ಗಕ್ಕೆ ಹೊಡೆದುಕೊಳ್ಳಲು ಹೊಂಚು ಹಾಕಿದ್ದೇನೆ ಎಂದು ಅವರ ಲೆಕ್ಕ. ಬಾದಾಮಿಯಲ್ಲಂತೂ ಗುಹೆಗಳ ಹತ್ತಿರ ಒಬ್ಬ ತಾಮ್ರದ ಬಿಲ್ಲೆ ತೋರಿಸಿ ಚಾಲುಕ್ಯರ ಕಾಲದ್ದು ಎಂದ. ಅದರ ಮೇಲೆ ದಪ್ಪ ಇಂಗ್ಲಿಷ್ ಅಕ್ಷರಗಳಿದ್ದವು. ಓದಿ ತೋರಿಸಿದೆ. "ಆವಾಗ್ಲೂ ಕಲತವರು ಇದ್ರಲ್ರಿ ಸರ" ಎಂದುಬಿಟ್ಟ! ಇಂಥವರ ಹತ್ತಿರ ಏನು ವಾದ ಮಾಡುತ್ತೀರಿ?

ನಾನು ಹೈಸ್ಕೂಲಿನಲ್ಲಿ ಚಿತ್ರಕಲೆ ಕಲಿಸುವವನು. ನಾಣ್ಯದ ಹುಚ್ಚು ಹಿಡಿದದ್ದೂ ಆ ದಾರಿಯಿಂದಲೇ. ಇಷ್ಟು ಚಿಕ್ಕ ಬಿಲ್ಲೆಯ ಮೇಲೆ ಒಬ್ಬ ಮನುಷ್ಯನ ಮುಖ, ಗಡ್ಡದ ಕೂದಲು, ಕಿರೀಟದ ಮುತ್ತು, ಎಲ್ಲವನ್ನೂ ಕೂಡಿಸಿದ ಆ ಕೈ ಎಂಥದ್ದಿರಬೇಕು ಎಂದು ಬೆರಗಾಗಿ ಶುರು ಮಾಡಿದೆ. ಆಮೇಲೆ ತಿಳಿಯಿತು, ನಾಣ್ಯ ಇದ್ದರೆ ಸಾಲದು, ಅದು ಯಾವ ಸ್ಥಿತಿಯಲ್ಲಿದೆ ಎಂಬುದೇ ಮುಖ್ಯ. ಅದಕ್ಕೊಂದು ದರ್ಜೆ ಇದೆ. ಆ ದರ್ಜೆಯ ಹೆಸರುಗಳನ್ನು ಇಟ್ಟವನು ಸಿಕ್ಕರೆ ಎರಡು ಮಾತು ಕೇಳಬೇಕಾಗಿದೆ. 'ಗುಡ್' ಎಂದರೆ ಮುಖ ಅಳಿಸಿ ಹೋಗಿದೆ ಎಂದರ್ಥ. 'ಫೈನ್' ಎಂದರೆ ಸುಮಾರು. ಅಂಕ ಕೊಡುವುದಾದರೂ ನೂರಕ್ಕೋ? ಇಲ್ಲ, ಎಪ್ಪತ್ತಕ್ಕೆ! ಯಾರ ಕೈಯಲ್ಲೂ ಓಡಾಡದೆ, ಟಂಕಸಾಲೆಯಿಂದ ಬಂದ ಹಾಗೇ ಉಳಿದ ನಾಣ್ಯಕ್ಕೆ ಮಾತ್ರ ಅರವತ್ತರ ಮೇಲೆ.

ಅಂಥ ನಾಣ್ಯದ ಮೈಮೇಲೆ ಅಚ್ಚೊತ್ತಿದ ದಿನದ ಹೊಳಪು ಹಾಗೇ ಇರುತ್ತದೆ. ದೀಪದ ಕೆಳಗೆ ಓರೆ ಮಾಡಿದರೆ ಬೆಳಕು ಸುತ್ತ ಓಡುತ್ತದೆ. ಒಂದು ಸಲ ಉಜ್ಜಿದಿರೋ, ಮುಗಿಯಿತು. ಆ ಓಟ ಮತ್ತೆ ಬರುವುದಿಲ್ಲ. ನಮ್ಮ ಕಡೆ ಬೆಳ್ಳಿ ಕಂಡರೆ ಉಜ್ಜದೆ ಬಿಡುವ ಹೆಣ್ಣುಮಕ್ಕಳು ಎಲ್ಲಿದ್ದಾರೆ ಹೇಳಿ! ಹಾಗಾಗಿ ನನ್ನ ಆಲ್ಬಮ್ಮಿನಲ್ಲಿ ಇರುವುದೆಲ್ಲ ಬೋಳು ರಾಜರು, ತೂತು ಕೊರೆದು ಸರಕ್ಕೆ ಪೋಣಿಸಿದವು, ಬೆಳ್ಳಿ ಕೆಲಸದ ಪತ್ತಾರರು ಕೊಂಡಿ ಬೆಸೆದು ಆಮೇಲೆ ಕಿತ್ತವು. ಒಂದೇ ಒಂದು ಬೆಳ್ಳಿ ರೂಪಾಯಿ, ಯಾರೂ ಉಜ್ಜದ್ದು, ನನ್ನ ಕೈಗೆ ಬರಲಿ ಎಂದು ವರ್ಷಗಟ್ಟಲೆ ಬಾಯಿ ಬಿಟ್ಟುಕೊಂಡು ಕೂತಿದ್ದೆ.

ಅದು ಸಿಕ್ಕಿದ್ದು ನಮ್ಮ ಅಕ್ಕನ ಮನೆಯಲ್ಲೇ. ಅಕ್ಕನನ್ನು ಇಳಕಲ್ಲಿಗೆ ಕೊಟ್ಟಿದೆ. ಒಂದು ದಿನ ಹೋದಾಗ ಹಳೆಯ ಟ್ರಂಕು ತೆರೆದು ಅತ್ತೆಯ ಕಾಲದ ಸೀರೆಗಳನ್ನು ಗಾಳಿಗೆ ಹಾಕುತ್ತಿದ್ದಳು. ಒಂದು ಸೀರೆಯ ಮಡಿಕೆಯಿಂದ ರೇಷ್ಮೆ ಚೂರಿನ ಪುಟ್ಟ ಗಂಟು ಬಿತ್ತು. ಬಿಚ್ಚಿದೆ. ಕಿರೀಟ ತೊಟ್ಟ ರಾಜನ ಒಂದು ರೂಪಾಯಿ. ಆ ಅತ್ತೆಗೆ ಮದುವೆಯಲ್ಲಿ ತವರಿನವರು ಕೊಟ್ಟದ್ದಂತೆ, ಅವರ ಮನೆಯಲ್ಲೂ ಗಂಟಿನಲ್ಲೇ ಇತ್ತಂತೆ. ಅಂಚಿಗೆ ತೆಳ್ಳಗೆ ನೀಲಿ, ಒಳಗೆ ತುಸು ಹೊಂಬಣ್ಣ. ಕಿಟಕಿಯ ಹತ್ತಿರ ಓರೆ ಮಾಡಿದೆ. ಬೆಳಕು ಓಡಿತು! ಜೇಬಿನಲ್ಲಿದ್ದ ಮಸೂರ ಹಿಡಿದು ನೋಡಿದೆ. ರಾಜನ ನಿಲುವಂಗಿಯ ಮೇಲೆ ಜೋಳದ ಕಾಳಿಗಿಂತ ಚಿಕ್ಕದೊಂದು ಆನೆ ಇರುತ್ತದೆ, ಮೊದಲು ಸವೆಯುವುದೇ ಅದು. ಅದರ ಸೊಂಡಿಲು, ಕಾಲು ಎಲ್ಲ ಸ್ಪಷ್ಟವಾಗಿದ್ದವು.

"ಯಕ್ಕಾ, ಇದನ್ನ ನನಗ ಕೊಡ್ತೀ ಏನು?"

"ಕೊಡಾಕೇನ, ನನಗ ನಿನಗಿಂತ ಹೆಚ್ಚಿಂದ ಐತೇನು? ಆದ್ರ ಇವತ್ತ ಶುಕ್ರವಾರ. ಮನಿ ಲಕ್ಷ್ಮೀನ ಶುಕ್ರವಾರ ಹೊರಗ ಕೊಡಬಾರದು. ದೀಪಾವಳಿಗಿ ಬಾ, ಆರತಿ ಮಾಡಿ ಕೊಡ್ತೇನಿ."

ಶನಿವಾರದ ತನಕ ಕಾಯುತ್ತೇನೆ ಎಂದೆ. "ಹುಚ್ಚನಂಗ ಮಾಡಬ್ಯಾಡ, ಹಬ್ಬ ಇಲ್ಲೇ ಬಂತು" ಎಂದು ನಕ್ಕಳು. ಸರಿ, ಮತ್ತೆ ಗಂಟು ಕಟ್ಟಿ ಕೊಟ್ಟೆ. ಆದರೆ ಅಕ್ಕನನ್ನು ಎದುರಿಗೆ ಕೂರಿಸಿಕೊಂಡು ಸಾಲಿಯ ಮಕ್ಕಳಿಗೆ ಹೇಳುವ ಹಾಗೆ ಹೇಳಿದೆ: ಹುಣಸೆಹಣ್ಣು ಹಚ್ಚಬೇಡ, ಸಾಬೂನು ಬೇಡ, ನೀರೂ ಬೇಡ, ಹಲ್ಲುಪುಡಿಯಂತೂ ಬೇಡವೇ ಬೇಡ. ಅರಿಷಿಣ ಕುಂಕುಮವನ್ನೂ ಏರಿಸಬೇಡ. "ಆತೋ ಮಾರಾಯಾ, ಯಾವದೂ ಹಚ್ಚಂಗಿಲ್ಲ" ಎಂದಳು. ಊರಿಗೆ ಬಂದ ಮೇಲೂ ಫೋನ್ ಮಾಡಿ ನೆನಪಿಸಿದೆ. ನನ್ನ ಹೆಂಡತಿ, "ಅಷ್ಟ ಕಾಳಜಿ ನಮ್ಮ ಮದುವ್ಯಾಗ ನನ್ನ ಬಗ್ಗೆ ಇತ್ತೇನ್ರಿ?" ಎಂದು ಚುಚ್ಚಿದಳು.

ಹಬ್ಬದ ದಿನ ಬೆಳಗ್ಗೆಯೇ ಬಸ್ಸು ಹತ್ತಿದೆ. ಕಮತಗಿ ದಾಟಿ, ಅಮೀನಗಡದಲ್ಲಿ ಬಸ್ಸು ನಿಂತಾಗ ಓಡಿಹೋಗಿ ಅಕ್ಕನಿಗೆ ಕರದಂಟು ತಗೊಂಡೆ. ಜೇಬಿನಲ್ಲಿ ನಾಣ್ಯಕ್ಕೆಂದೇ ತಂದ ಪ್ಲಾಸ್ಟಿಕ್ ಡಬ್ಬಿ. ಹುನಗುಂದ ಬರುವಷ್ಟರಲ್ಲಿ ನಾಣ್ಯವನ್ನು ದರ್ಜೆ ಕೊಡುವ ಸಂಸ್ಥೆಗೆ ಕಳಿಸಿ, ಅರವತ್ತರ ಮೇಲೆ ಅಂಕ ಬಂದು, ಗಾಜಿನಂಥ ಪೆಟ್ಟಿಗೆಯಲ್ಲಿ ಮರಳಿ ಬಂದದ್ದನ್ನೂ ಕಲ್ಪಿಸಿಕೊಂಡಾಗಿತ್ತು.

ಅಕ್ಕ ಮಣೆಯ ಮೇಲೆ ಕೂರಿಸಿದಳು. ಆರತಿ ತಟ್ಟೆ ತಂದಳು. ತಟ್ಟೆಯ ನಡುವೆ ವೀಳ್ಯದೆಲೆ, ಎಲೆಯ ಮೇಲೆ ರೂಪಾಯಿ. ಬೆಳ್ಳಗೆ. ಹೊಸ ಸ್ಟೀಲ್ ಚಮಚದಷ್ಟು ಬೆಳ್ಳಗೆ! ನೀಲಿ ಇಲ್ಲ, ಹೊಂಬಣ್ಣ ಇಲ್ಲ. ಆರತಿ ಮುಗಿಯುವ ತನಕ ಹಲ್ಲು ಕಚ್ಚಿ ಕೂತು, ಎತ್ತಿ ಮಸೂರ ಹಿಡಿದೆ. ರಾಜನ ಕೆನ್ನೆಯ ಮೇಲೆ ಕೂದಲೆಳೆಯಂಥ ಗೆರೆಗಳು, ಎಲ್ಲ ಒಂದೇ ಕಡೆಗೆ, ಉಜ್ಜಿದ ಕೈ ಹೋದ ಕಡೆಗೆ.

"ಯಕ್ಕಾ! ಏನ್ ಹಚ್ಚಿದಿ ಇದಕ್ಕ?"

"ಏನೂ ಹಚ್ಚಿಲ್ಲೋ! ನೀ ಹುಣಸಿಹಣ್ಣ ಬ್ಯಾಡ ಅಂದಿ, ಹಚ್ಚಲಿಲ್ಲ. ಸಾಬಾಣ ಬ್ಯಾಡ ಅಂದಿ, ನೀರ ಬ್ಯಾಡ ಅಂದಿ. ಒಂದ ಹನಿ ನೀರ ತಾಗಿಸಿಲ್ಲ. ಬರೇ ವಿಭೂತಿ ಹಚ್ಚಿ ಒಣಾ ಬಟ್ಟಿಲೆ ತಿಕ್ಕೇನಿ ಅಷ್ಟ. ಕರ್ರಗಾಗಿತ್ತಪಾ, ಅಂಥಾದ್ದನ್ನ ಹಬ್ಬದ ದಿನ ತಮ್ಮನ ಕೈಯಾಗ ಹೆಂಗ ಕೊಡ್ಲಿ?"

ನಮ್ಮ ಮನೆಗಳಲ್ಲಿ ಬೆಳ್ಳಿಯ ದೇವರ ಸಾಮಾನೆಲ್ಲ ಬೆಳಗುವುದು ವಿಭೂತಿಯಿಂದಲೇ. ನಮ್ಮ ಅವ್ವ ಹಾಗೇ ಬೆಳಗುತ್ತಿದ್ದಳು, ನಾನೇ ಕೂತು ನೋಡಿ ಬೆಳೆದವನು. ಆದರೆ ವಿಭೂತಿ ಹಣೆಗೆ ಹಚ್ಚುವಂಥದ್ದು, ಅದು ಹೊಲಸು ತೆಗೆಯುವ ಸಾಮಾನು ಎಂದು ನನ್ನ ತಲೆಗೇ ಬರಲಿಲ್ಲ. ಅದೂ ಹಚ್ಚುವುದರ ಲೆಕ್ಕಕ್ಕೇ ಬರುತ್ತದೆ ಎಂದು ಅವಳ ತಲೆಗೂ ಬರಲಿಲ್ಲ. ಯಾರನ್ನು ಬೈಯಲಿ?

ಸುಮ್ಮನಿರಬೇಕಿತ್ತು. ಆದರೆ ಸಿಟ್ಟು ನೆತ್ತಿಗೇರಿತ್ತು. ಬಾಯಿ ತಡೆಯಲಿಲ್ಲ.

"ಹಾಳಾತು ನೋಡು! ಪೂರ್ತಿ ಹಾಳಾತು! ಇನ್ನ ಇದಕ್ಕ ಯಾರೂ ದರ್ಜೆ ಕೊಡಂಗಿಲ್ಲ. 'ಉಜ್ಜಿದ್ದು' ಅಂತ ಬರದು ವಾಪಸ್ ಕಳಸ್ತಾರ. ಇಷ್ಟ ವರ್ಷದ ಮ್ಯಾಲ ಒಂದ ಸಿಕ್ಕಿತ್ತು, ಅದೂ ಹೋತು!"

ಅಕ್ಕನ ಮುಖ ಸಣ್ಣದಾಯಿತು. ಅಳುತ್ತಾಳೇನೋ ಎಂದು ಹೆದರಿದೆ. ಅಳಲಿಲ್ಲ. ನನ್ನ ಅಂಗೈಯಿಂದ ರೂಪಾಯಿ ತೆಗೆದುಕೊಂಡಳು, ಸೆರಗಿನಿಂದ ಒರೆಸಿದಳು (ಅಯ್ಯೋ, ಮತ್ತೆ ಒರೆಸಿದಳು!), ದೇವರ ಜಗಲಿಯ ಮೇಲೆ ಮೂರ್ತಿಯ ಪಕ್ಕಕ್ಕೆ ಇಟ್ಟುಬಂದಳು.

ಹೋಳಿಗೆ ಬಡಿಸಿದಳು. ತುಪ್ಪ ಹಾಕಿದಳು. ಎರಡು ತುತ್ತು ಇಳಿದ ಮೇಲೆ ನನ್ನ ಸಿಟ್ಟೂ ಇಳಿಯಿತು. ಜಗಲಿಯ ಕಡೆ ನೋಡಿದೆ. ಗೆರೆ ಬಿದ್ದರೇನಾಯಿತು, ಆನೆ ಹಾಗೇ ಇದೆಯಲ್ಲ. ಅಂಕ ಬಾರದಿದ್ದರೆ ಬೇಡ. ನನ್ನ ಆಲ್ಬಮ್ಮಿನ ಬೋಳು ರಾಜರ ನಡುವೆ ಇದು ನಿಜವಾಗಿಯೂ ರಾಜನೇ.

"ಯಕ್ಕಾ, ಇರ್ಲಿ ಬಿಡು. ಅದನ್ನ ಕೊಡು, ನಾ ಒಯ್ತೇನಿ."

"ಹೋಗೋ. ಹಾಳಾದ್ದನ್ನ ತವರಮನಿಯವರ ಕೈಯಾಗ ಕೊಡ್ತಾರೇನು? ಅದೂ ಹಬ್ಬದಾಗ! ನೀನ ಅಂದಿ ಹಾಳಾಗೇತಿ ಅಂತ. ನಾ ಕೊಡಂಗಿಲ್ಲ."

ಎಷ್ಟು ಹೇಳಿದರೂ ಕೇಳಲಿಲ್ಲ. ಬದಲಿಗೆ ಒಂದು ಹೊಸ ಶರ್ಟ್ ಪೀಸ್ ಕೊಟ್ಟು ಕಳಿಸಿದಳು. ಆಮೇಲೆ ಹೋದಾಗಲೆಲ್ಲ ಕೇಳಿದ್ದೇನೆ, ಪ್ರತಿ ಸಲ ಅದೇ ಉತ್ತರ. ಸೋಮವಾರ ಹೋದರಂತೂ ನನ್ನ ಗತಿ ಕೇಳಬೇಡಿ. ಅಕ್ಕ ದೇವರ ಸಾಮಾನೆಲ್ಲ ಮುಂದೆ ಹರಡಿಕೊಂಡು, ಆ ರೂಪಾಯಿಗೂ ವಿಭೂತಿ ಹಚ್ಚಿ, ನನ್ನ ಹತ್ತಿರ ಮನೆಯ ಸುದ್ದಿ ಮಾತಾಡುತ್ತಲೇ ಗಸಗಸ ತಿಕ್ಕುತ್ತಾಳೆ. ನಾನು ಎದುರಿಗೆ ಕೂತು, ಹೊಟ್ಟೆ ಉರಿದುಕೊಂಡು, ಹೂಂ ಹೂಂ ಎನ್ನುತ್ತ ಅವಳು ಕೊಟ್ಟ ಚಹಾ ಕುಡಿಯುತ್ತೇನೆ.