ಗಲಗಲಿ ಹಾದಿಯಲ್ಲಿ ಬೀರವ್ವನ ಅಪ್ಪ

ಜಮಖಂಡಿಯಿಂದ ನಮ್ಮ ಬಸ್ಸು ಹೊರಟಾಗ ಕಿಟಕಿಯ ಗಾಜಿನ ಮೇಲೆ ಇನ್ನೂ ಇಬ್ಬನಿಯ ಹನಿಗಳಿದ್ದವು. ಬನಹಟ್ಟಿಯ ವಿದ್ಯಾರ್ಥಿಗಳು ಬೆಳಗಿನ ಮೊದಲ ಬಸ್ಸಿಗೇ ಬಂದು ಕಾಲೇಜಿನ ಕಟ್ಟೆಯ ಮೇಲೆ ಮುದುಡಿಕೊಂಡು ಕೂತಿದ್ದರು. ಚಿಮ್ಮಡದ ಇಬ್ಬರಿಗೆ ಆಟೋ ಸಿಗದೆ ತಡವಾಗಿ, ಗೇಟಿನಿಂದಲೇ ಕೈ ಬೀಸುತ್ತ ಓಡಿಬಂದು ಹತ್ತಿದರು. ಒಬ್ಬರ ಮುಖ ಒಬ್ಬರು ನೋಡಿ ಎಲ್ಲರಿಗೂ ನಗು. ಒಂದೇ ತರಗತಿಯಲ್ಲಿ ಅರ್ಧ ವರ್ಷ ಕೂತವರು ಅಂದೇ ಮೊದಲ ಸಲ ಎದುರಾಗಿದ್ದರು.

ಈ ತರಗತಿಯ ಸಂಗತಿ ಹೇಳಬೇಕು. ನಾನು ಜಮಖಂಡಿಯಲ್ಲಿ ಇತಿಹಾಸ ಕಲಿಸುವವಳು. ನಾಲ್ಕು ಊರಿನ ಕಾಲೇಜು ಆವರಣಗಳು ಸೇರಿ, ಯಾವ ವಿಷಯ ಓದುವವರಾದರೂ ತೆಗೆದುಕೊಳ್ಳಬಹುದಾದ ಕೆಲವು ಪಾಠಗಳನ್ನು ಹಂಚಿಕೊಂಡಿದ್ದವು. ನಮ್ಮದು 'ಮನುಷ್ಯ ಮತ್ತು ಪ್ರಾಣಿ'. ಪ್ರಾಣಿಶಾಸ್ತ್ರ ಬನಹಟ್ಟಿಯಿಂದ, ಅರ್ಥಶಾಸ್ತ್ರ ಮುಧೋಳದಿಂದ, ಕನ್ನಡ ಬೀಳಗಿಯಿಂದ, ಇತಿಹಾಸ ನನ್ನಿಂದ. ಎಲ್ಲವೂ ಪರದೆಯ ಮೇಲೆ. ಕರೆಂಟು ಹೋದರೆ ಒಂದು ಊರು ಮಾಯವಾಗುತ್ತಿತ್ತು. ಸೆಮಿಸ್ಟರು ಮುಗಿಯುವ ಮೊದಲು ಎಲ್ಲರನ್ನೂ ಕೂಡಿಸಿಕೊಂಡು ತಿಮ್ಮಾಪುರದಲ್ಲಿರುವ ಮುಧೋಳ ತಳಿಯ ನಾಯಿಗಳ ಸಂಶೋಧನಾ ಕೇಂದ್ರ ನೋಡಿಬರುವುದೆಂದು ಹೊರಟಿದ್ದೆವು.

ಮುಧೋಳದ ಹಾದಿಯ ತುಂಬ ಕಬ್ಬಿನ ಟ್ರ್ಯಾಕ್ಟರುಗಳು. ಹಿಂದೆ ಎರಡೆರಡು ಟ್ರೇಲರು ಕಟ್ಟಿಕೊಂಡು, ಹಾಡು ಜೋರಾಗಿ ಹಚ್ಚಿಕೊಂಡು ತೂಗಾಡುತ್ತ ಹೊರಟಿದ್ದವು. ಹೀಗಾಗಿ ಮುಧೋಳ ತಲುಪುವಷ್ಟರಲ್ಲಿ ಬಿಸಿಲು ಏರಿತ್ತು. ಬಸ್ ನಿಲ್ದಾಣದಲ್ಲಿ ಅರ್ಥಶಾಸ್ತ್ರದ ಪಾಟೀಲ ಸರ್ ತಮ್ಮ ಹುಡುಗರೊಂದಿಗೆ ನಿಂತಿದ್ದರು. ಬೀಳಗಿಯವರೂ ಆಗಷ್ಟೇ ಇಳಿದಿದ್ದರು. ಸರ್ಕಾರಿ ಬಸ್ಸಿನಲ್ಲಿ ಹುಡುಗಿಯರದು ದುಡ್ಡಿಲ್ಲದ ಪ್ರಯಾಣ. ಹುಡುಗರು ತಾವು ಕೊಟ್ಟ ಟಿಕೆಟ್ಟಿನ ಲೆಕ್ಕ ಹೇಳಿ ಅವರನ್ನು ಕಾಡುತ್ತಿದ್ದರು.

ಬೀಳಗಿಯ ಗುಂಪಿನಿಂದ ಒಬ್ಬಳು ಬಸ್ಸು ಹತ್ತಿ ಬಂದು ನನ್ನ ಪಕ್ಕದ ಸೀಟಿನಲ್ಲಿ ಕೂತಳು. ಬೀರವ್ವ. ಪರದೆಯಲ್ಲಿ ಬರೀ ಹಣೆ ಮತ್ತು ಕಣ್ಣು ಕಾಣುತ್ತಿದ್ದ ಹುಡುಗಿ, ಓದುವುದು ಬಿ.ಕಾಂ., ಪ್ರಶ್ನೆ ಕೇಳುವುದು ಪ್ರಾಣಿಗಳ ಬಗ್ಗೆ. ಕೂತವಳೇ ಕಿಟಕಿಗೆ ಮುಖ ಹಚ್ಚಿದಳು. ದೂರದ ಹೊಲದಲ್ಲಿ ಬೆಳ್ಳಗೆ ಏನಾದರೂ ಕಂಡರೆ ಎದ್ದು ನಿಲ್ಲುತ್ತಿದ್ದಳು.

"ಏನ್ ಹುಡುಕಾಕತ್ತೀಯವಾ?" ಎಂದೆ.

"ನಮ್ಮಪ್ಪನ್ರೀ ಮೇಡಂ. ಕುರಿ ತಗೊಂಡು ಈ ಕಡೆ ಬಂದಾನಂತ. ಎಂಟ ದಿನಾ ಆತು, ಫೋನ್ ಹತ್ತವಲ್ದು."

ಅವರ ಊರು ಬೀಳಗಿಯ ಆಚೆ. ತಂದೆ ಮಾಳಪ್ಪ ಮಳೆಗಾಲ ಬಿಟ್ಟರೆ ವರ್ಷವಿಡೀ ಹಿಂಡಿನ ಜೊತೆ ಅಲೆಯುವವರು. ಕಬ್ಬು ಕಡಿದ ಹೊಲಗಳಲ್ಲಿ ಗೊಬ್ಬರಕ್ಕೆಂದು ಕುರಿ ಕೂಡಿಸಿಕೊಳ್ಳುವವರು ಇರುವುದರಿಂದ ಚಳಿಗಾಲದಲ್ಲಿ ಹಿಂಡುಗಳೆಲ್ಲ ಈ ಸೀಮೆಗೆ ಬರುತ್ತವೆ. ಆದರೆ ಬೀರವ್ವನಿಗೆ ಅಪ್ಪನನ್ನು ನೋಡುವ ಆಸೆಯಷ್ಟೇ ಅಲ್ಲ, ಒಂದು ಮಾತು ಕೇಳುವುದೂ ಇತ್ತು. ನಮ್ಮ ಆವರಣಗಳ ಒಪ್ಪಂದದ ಪ್ರಕಾರ ಮುಂದಿನ ಸೆಮಿಸ್ಟರನ್ನು ವಿದ್ಯಾರ್ಥಿಗಳು ಬೇರೊಂದು ಆವರಣದಲ್ಲಿ ಓದಬಹುದು. ಅವಳು ಜಮಖಂಡಿಗೆ ಬಂದು ಹಾಸ್ಟೆಲ್ಲಿನಲ್ಲಿದ್ದು, ಪ್ರಾಣಿಗಳ ಪಾಠಗಳನ್ನೇ ಇನ್ನಷ್ಟು ತೆಗೆದುಕೊಳ್ಳಬೇಕೆಂದಿದ್ದಳು. ಕಾಕಾ ಬೇಡವೆಂದಿದ್ದ. ಅವ್ವ, 'ನಿಮ್ಮಪ್ಪನ್ನ ಕೇಳು' ಎಂದಿದ್ದಳು. ಸೋಮವಾರದೊಳಗೆ ಕಾಲೇಜಿಗೆ ತಿಳಿಸಬೇಕಿತ್ತು.

ತಿಮ್ಮಾಪುರದಲ್ಲಿ ನಾಯಿಗಳು ನಮ್ಮನ್ನು ನೋಡಿ ಬೊಗಳಲೂ ಇಲ್ಲ, ಬಾಲ ಆಡಿಸಲೂ ಇಲ್ಲ. ಉದ್ದ ಮುಖ, ಒಳಗೆ ಸೇದಿದ ಹೊಟ್ಟೆ, ಕಡ್ಡಿಯಂಥ ಕಾಲು. ಬಯಲಿಗೆ ಬಿಟ್ಟ ಒಂದು ನಾಯಿ ಓಡಿದ್ದನ್ನು ನೋಡಿ ಹುಡುಗರೆಲ್ಲ ಮಾತು ನಿಲ್ಲಿಸಿದರು. ಬೀರವ್ವ ಮಾತ್ರ ಮರಿಗಳ ಹತ್ತಿರ ಕೂತಿದ್ದಳು.

"ತಾಯಿ ಬಿಡಿಸಿದ ಮ್ಯಾಲ ಮರಿ ಅಳತಾವೇನ್ರೀ?" ಎಂದು ಅಲ್ಲಿ ನಾಯಿಗಳನ್ನು ನೋಡಿಕೊಳ್ಳುವವರನ್ನು ಕೇಳಿದಳು.

"ಒಂದೆರಡ ದಿನ ಅಳತಾವ. ಆಮ್ಯಾಲ ಉಣ್ಣಾಕ ಹತ್ತತಾವ."

"ಮತ್ತ ತಾಯಿ?"

"ತಾಯಿ ಇನ್ನೊಂದೀಟ ದಿನ ಹುಡುಕತೈತವಾ," ಎಂದರು ಅವರು.

ಬೇವಿನ ಮರದ ಕೆಳಗೆ ಊಟ. ಮುಧೋಳದವರು ರೊಟ್ಟಿ, ಎಣಗಾಯಿ, ಶೇಂಗಾ ಹಿಂಡಿ, ಗಟ್ಟಿ ಮೊಸರು ತಂದಿದ್ದರು. ಬನಹಟ್ಟಿಯ ಹುಡುಗನೊಬ್ಬ ತನ್ನ ಮನೆಯ ಮಗ್ಗದ ಸಪ್ಪಳವನ್ನು ಬಾಯಲ್ಲಿ ಮಾಡಿ ತೋರಿಸಿದ. ನಕ್ಕು ನಕ್ಕು ನೀರು ನೆತ್ತಿಗೆ ಹತ್ತಿತು. ಈ ಮಕ್ಕಳೆಲ್ಲ ಒಂದೇ ಕೋಣೆಯಲ್ಲಿ ಕೂತಿದ್ದರೆ ಎಷ್ಟು ಚೆನ್ನಾಗಿತ್ತು ಎಂದು ನನಗೆ ಸಂಕಟವಾಯಿತು. ನಾಳೆಯಿಂದ ಮತ್ತೆ ಪರದೆಯ ಚೌಕಗಳು. ಎರಡು ವಾರಕ್ಕೆ ಅವೂ ಮುಗಿಯುತ್ತವೆ.

ವಾಪಸು ಬರುವಾಗ ದಾರಿಯ ಬದಿಯಲ್ಲಿ ಒಂದು ಹಿಂಡು ಕಂಡಿತು. ನಾನು ಬಸ್ಸು ನಿಲ್ಲಿಸಲು ಹೇಳಿದೆ. ಬೀರವ್ವ ಇಳಿದು ಓಡಿದಳು. ನೋಡಿದರೆ ಅವರಪ್ಪನ ಹಿಂಡಲ್ಲ. ಕಂಬಳಿ ಹೊದ್ದ ಮುದುಕರೊಬ್ಬರು ಕೋಲಿಗೆ ಗದ್ದ ಊರಿ ನಿಂತಿದ್ದರು. ಬೀರವ್ವ ಅಪ್ಪನ ಹೆಸರು ಹೇಳಿ ವಿಚಾರಿಸಿದಳು.

"ಮಾಳಪ್ಪನ ಮಗಳೇನವಾ? ಅಂವ ಮುಂದ ಗಲಗಲಿ ಹಾದಿ ಹಿಡದಾನ. ನಾಳಿ ಹೊಳಿ ದಾಟತಾನ."

ಕೃಷ್ಣೆ ದಾಟಿದರೆ ಹಿಂಡು ವಿಜಯಪುರದ ಕಡೆ ಹೋಗುತ್ತದೆ. ಮತ್ತೆ ಈ ಕಡೆ ಬರುವುದು ಮಳೆ ಬಿದ್ದ ಮೇಲೆಯೇ. ಬೀರವ್ವ ಬಂದು ಸೀಟಿನಲ್ಲಿ ಕೂತಳು. ಬೀಳಗಿಯವರನ್ನು ಮುಧೋಳದಲ್ಲಿ ಬಸ್ಸು ಹತ್ತಿಸಿ ನಾವು ಮರಳುವುದೆಂದು ಮೊದಲೇ ಗೊತ್ತುಮಾಡಿದ್ದೆವು. ನಾನು ಪಾಟೀಲ ಸರ್ ಅವರಿಗೆ, ಗಲಗಲಿ ಮೇಲೆ ಹಾದು ಇವರನ್ನು ಬೀಳಗಿಗೆ ಮುಟ್ಟಿಸೋಣ ಎಂದೆ.

"ಸುತ್ತ ಆಗತೈತ್ರೀ ಮೇಡಂ. ಹೊತ್ತೂ ಆಗೇತಿ," ಎಂದು ಅವರು ಬೀರವ್ವನ ಕಡೆ ನೋಡಿದರು. ನಂತರ ತಾವೇ ಡ್ರೈವರನಿಗೆ, "ನಡೀರಿ ಅತ್ಲಾಗ," ಎಂದರು.

ಗಲಗಲಿ ಇನ್ನೂ ದೂರವಿರುವಾಗಲೇ ರಸ್ತೆಯ ಮೇಲೆ ಧೂಳು ಎದ್ದದ್ದು ಕಂಡಿತು. ಈ ಸಲ ಬಸ್ಸು ಪೂರ್ತಿ ನಿಲ್ಲುವ ಮೊದಲೇ ಒಂದು ಸಣಕಲು ನಾಯಿ ಹಿಂಡನ್ನು ಸೀಳಿಕೊಂಡು ಓಡಿಬಂತು. "ಚಿಗರಿ! ಚಿಗರಿ!" ಎಂದು ಬೀರವ್ವ ಇಳಿದಳು. ಅದರ ಹಿಂದೆ ಮಾಳಪ್ಪ ಬಂದರು. ಎತ್ತರದ ಆಳು, ತಲೆಗೆ ಸುತ್ತಿದ ಕೆಂಪು ಪಟಗ, ಹೆಗಲ ಮೇಲೆ ಅಂದೇ ಹುಟ್ಟಿದ ಒಂದು ಮರಿ.

"ಯವ್ವಾ, ನೀ ಇಲ್ಲಿ ಹ್ಯಾಂಗ?"

"ಫೋನ್ ಯಾಕ ಬಂದ್ ಮಾಡೀಯಪ್ಪಾ?"

"ನೀರಾಗ ಬಿತ್ತವಾ."

ಅವಳು ನಾಯಿಯ ಕತ್ತು ಸವರುತ್ತ ನಿಂತಳು. ಕೊನೆಗೆ ನಾಯಿಯ ಕಡೆ ನೋಡುತ್ತಲೇ ಜಮಖಂಡಿಯ ಮಾತೆಲ್ಲ ಹೇಳಿದಳು. ಮಾಳಪ್ಪ ಮರಿಯನ್ನು ಒಂದು ಹೆಗಲಿನಿಂದ ಇನ್ನೊಂದಕ್ಕೆ ಬದಲಿಸಿ ನನ್ನತ್ತ ತಿರುಗಿದರು.

"ಅಕ್ಕಾರ, ಅಲ್ಲಿ ಉಣ್ಣಾಕ ರೊಟ್ಟಿ ಕೊಡ್ತಾರಲ್ರೀ?"

"ಕೊಡ್ತಾರ್ರೀ. ನಾನೂ ಅಲ್ಲೇ ಇರ್ತೇನಿ," ಎಂದೆ.

ಅವರು ಮಗಳ ಕಡೆ ತಿರುಗಿದರು. "ನೀ ಊರಾಗಿದ್ರೂ ನನಗ ದೂರನ, ಜಮಖಂಡ್ಯಾಗಿದ್ರೂ ದೂರನ. ಹೋಗು. ಹೊಳಿ ದಾಟಿ ಹೊಳ್ಳಿ ಬರೂಮುಂದ ಜಮಖಂಡಿ ನನ್ನ ಹಾದ್ಯಾಗ ಬರ್ತೈತಿ. ನಿಮ್ಮ ಕಾಲೇಜ ಮುಂದ ನಿಂತ ಒದರತೇನಿ. ಕಾಕಾಗ ಹೇಳು, ಅಪ್ಪ ಹೂಂ ಅಂದಾನಂತ."

ಸೊಂಟದ ಚೀಲದಿಂದ ಬೀರೇಶ್ವರನ ಭಂಡಾರ ತೆಗೆದು ಅವಳ ಹಣೆಗೆ ಹಚ್ಚಿದರು. ನನಗೂ, ಪಾಟೀಲ ಸರ್ ಅವರಿಗೂ ಅರಿಸಿನದ ಬೊಟ್ಟು. ಅಷ್ಟರಲ್ಲಿ ಹಿಂಡಿನ ಮುಂದಿನ ಭಾಗ ಯಾರದೋ ಹಸಿರು ಹೊಲದ ಕಡೆ ತಿರುಗಿತು. ಮಾಳಪ್ಪ ಕೂಗು ಹಾಕುತ್ತ ಆ ಕಡೆ ಓಡಿದರು. ಭೇಟಿ ಅಷ್ಟೇ.

ಬಸ್ಸು ಹೊರಟಿತು. ಬೀರವ್ವ ಅಳುತ್ತಿದ್ದಳು.

"ಹೂಂ ಅಂದ್ರಲ್ಲವಾ, ಮತ್ಯಾಕ ಅಳತಿ?"

"ಬ್ಯಾಡ ಅಂತಾನ ಅನ್ಕೊಂಡಿದ್ದೆರಿ. ಬ್ಯಾಡ ಅಂದಿದ್ರ ಜಗಳಾ ಮಾಡ್ಕೋಂತ ಇನ್ನೊಂದೀಟ ಹೊತ್ತ ನಿಲ್ಲಬಹುದಿತ್ತು."

ಅವಳು ನೆಟ್ಟಗೆ ಮುಂದೆ ನೋಡುತ್ತ ಕೂತಿದ್ದಳು. ಹಿಂದೆ ತಿರುಗಿ ನೋಡಬಾರದೇಕೆ ಎಂದು ಕೇಳಿದೆ.

"ನಾ ನೋಡಿದ್ರ ಚಿಗರಿ ಬಸ್ಸಿನ ಬೆನ್ನ ಹತ್ತತೈತ್ರೀ. ಕುರಿ ಬಿಟ್ಟ ಬರ್ತೈತಿ. ನೀವ ನೋಡಿ ಹೇಳ್ರಿ ಮೇಡಂ."

ನಾನು ಹಿಂದಿನ ಗಾಜಿನ ಕಡೆ ತಿರುಗಿದೆ. ಮಾಳಪ್ಪ ಹಿಂಡನ್ನು ತಿರುಗಿಸಿಕೊಂಡು ರಸ್ತೆಯ ನಡುವೆ ಬಂದು ನಿಂತಿದ್ದರು. ಒಂದು ಕೈ ನಾಯಿಯ ಕತ್ತಿನ ಮೇಲಿತ್ತು. ಇಳಿಬಿಸಿಲಿಗೆ ಧೂಳೆಲ್ಲ ಕೆಂಪಾಗಿತ್ತು. ನಾನು ಕಂಡದ್ದನ್ನೆಲ್ಲ ಹೇಳುತ್ತಾ ಹೋದೆ. ಅವಳು ಕಣ್ಣು ಮುಚ್ಚಿ ಕೇಳಿದಳು. ರಸ್ತೆ ತಿರುಗಿತು. ಇನ್ನೂ ಕಡಿಯದ ಕಬ್ಬು ಎತ್ತರಕ್ಕೆ ಬೆಳೆದು ನಿಂತಿತ್ತು. ಅದರ ಹಿಂದೆ ಏನೂ ಕಾಣಲಿಲ್ಲ.

"ಇನ್ನಾ ನಿಂತಾನೇನ್ರೀ?" ಎಂದಳು.

ನಾನು ಕಬ್ಬನ್ನೇ ನೋಡುತ್ತ ಹೇಳಿದೆ: "ನಿಂತಾರವಾ."