ಜಾಹೀರಾತಿನ ಹೊತ್ತಿನ ಅರ್ಜಿ

ನಮ್ಮ ಮನೆಯಲ್ಲಿ ಅಪ್ಪನಿಗೆ ಏನಾದರೂ ಕೇಳಬೇಕೆಂದರೆ ಬುಧವಾರದವರೆಗೆ ಕಾಯಬೇಕಿತ್ತು. ತೊಂಬತ್ತರ ದಶಕದ ಮಾತು. ಬುಧವಾರ ಸಂಜೆ ಏಳೂವರೆಗೆ ಟೀವಿಯಲ್ಲಿ ಒಂದು ನಗೆಯ ಧಾರಾವಾಹಿ ಬರುತ್ತಿತ್ತು. ಗಂಡ, ಹೆಂಡತಿ, ಮನೆ ಮಾಲೀಕ, ಊಟದ ಹೊತ್ತಿಗೆ ಸರಿಯಾಗಿ ಬಂದು ಕೂಡುವ ಒಬ್ಬ ಸೋದರಮಾವ. ಗಂಡ ಏನನ್ನೋ ಮುಚ್ಚಿಡುತ್ತಾನೆ, ಹೆಂಡತಿಗೆ ಗೊತ್ತಾಗುತ್ತದೆ, ಅರ್ಧ ತಾಸಿನಲ್ಲಿ ಎಲ್ಲ ಸರಿಹೋಗುತ್ತದೆ. ಇಷ್ಟೇ ಕಥೆ. ಆದರೆ ತಾರಿಹಾಳದ ಕಾರ್ಖಾನೆಯಲ್ಲಿ ದಿನವಿಡೀ ಕಬ್ಬಿಣ ಕೊರೆಯುವ ಲೇಥ್ ಮುಂದೆ ನಿಂತು, ಅದರ ಸದ್ದಿಗೆ ಮಾತೇ ಮರೆತು ಬರುತ್ತಿದ್ದ ನಮ್ಮಪ್ಪ ಆ ಅರ್ಧ ತಾಸು ಹೊಟ್ಟೆ ಹಿಡಿದುಕೊಂಡು ನಗುತ್ತಿದ್ದ. ಉಳಿದ ಆರು ದಿನ ಅವನ ಬಾಯಲ್ಲಿ ‘ಹೂಂ’ ಮತ್ತು ‘ಬ್ಯಾಡ’ ಎರಡೇ ಮಾತು. ಅದರಲ್ಲೂ ಎರಡನೆಯದೇ ಹೆಚ್ಚು.

ಧಾರಾವಾಹಿಯ ನಡುವೆ ಒಂದು ಸಲ ಜಾಹೀರಾತು ಬರುತ್ತಿತ್ತಲ್ಲ, ಅದೇ ನಮ್ಮ ಅರ್ಜಿಯ ವೇಳೆ. ಅಪ್ಪ ನಕ್ಕು ನಕ್ಕು ಕಣ್ಣೊರೆಸಿಕೊಳ್ಳುವಾಗಲೇ ಕೇಳಿಬಿಡಬೇಕು. ಒಂದು ವಾರಕ್ಕೆ ಒಂದೇ ಅರ್ಜಿ, ಅದೂ ಸರದಿಯ ಮೇಲೆ. ಅಪ್ಪನ ಅವ್ವ, ಅಂದರೆ ನಮ್ಮ ಆಯಿ, ಹೀಗೆಯೇ ಎಲೆ ಅಡಿಕೆ ಕುಟ್ಟುವ ಹೊಸ ಕಲ್ಲು ತರಿಸಿಕೊಂಡಿದ್ದಳು. ಅವ್ವ ಹೀಗೆಯೇ ತವರಿಗೆ ಹೋಗಿಬರುತ್ತಿದ್ದಳು. ನಮ್ಮ ಟೀವಿ ನೋಡಲು ಬರುತ್ತಿದ್ದ ಪಕ್ಕದ ಮನೆಯ ಚಾಚಿ, ತನ್ನ ಹೊಲಿಗೆ ಮಷಿನ್ನಿನ ಮುರಿದ ಭಾಗಗಳನ್ನೆಲ್ಲ ಸೆರಗಿನಲ್ಲಿ ಕಟ್ಟಿಕೊಂಡೇ ಬರುತ್ತಿದ್ದಳು. ಒಮ್ಮೆ ‘ಹೂಂ’ ಅಂದರೆ ಅಪ್ಪ ಹಿಂದೆ ಸರಿಯುತ್ತಿರಲಿಲ್ಲ. ಲೇಥ್ ಮೇಲೆ ಕೊರೆದದ್ದನ್ನು ತಿರುಗಿ ಅಂಟಿಸಲು ಬರುವುದಿಲ್ಲ, ಮಾತೂ ಹಾಗೇ ಎನ್ನುವುದು ಅವನ ನೇಮ.

ಇಷ್ಟೆಲ್ಲ ಗೊತ್ತಿದ್ದೂ ನಾನು ಎಡವಿದೆ. ಪಿಯುಸಿ ಫಲಿತಾಂಶ ಬಂತು, ಫಸ್ಟ್ ಕ್ಲಾಸು. ನಮ್ಮ ವಂಶದಲ್ಲಿ ಹತ್ತನೆಯದನ್ನು ದಾಟಿದವರೇ ಇರಲಿಲ್ಲ. ಅಪ್ಪ ಒಂದನೆಯದಕ್ಕೇ ಸಾಲಿ ಬಿಟ್ಟವನು. ಖುಷಿಯ ಭರದಲ್ಲಿ ಧಾರವಾಡಕ್ಕೆ ಹೋಗಿ ಬಿ.ಎ. ಓದುತ್ತೇನೆ ಎಂದು ಬಾಗಿಲಲ್ಲೇ ಹೇಳಿಬಿಟ್ಟೆ. ಅಪ್ಪ ಚಪ್ಪಲಿ ಬಿಡುತ್ತಲೇ ‘ಬ್ಯಾಡ’ ಅಂದ.

ಅವ್ವ ಒಳಗೆ ಕರೆದು ತಲೆಗೊಂದು ಮೊಟಕಿದಳು. “ಸೋಮವಾರ ದಿನಾ ಯಾರರ ಕೇಳ್ತಾರೇನ? ಇಷ್ಟ ಓದಿ ಏನ್ ಬಂತು ನಿನಗ?”

ಅಡ್ಮಿಷನ್ ಫಾರ್ಮು ಕೊಡಲು ಶನಿವಾರ ಕಡೆಯ ದಿನ. ಅದರಲ್ಲಿ ಪಾಲಕರ ಸಹಿ ಬೇಕು. ಸಹಿ ಆಗದಿದ್ದರೆ ನನ್ನ ಓದು ಅಲ್ಲಿಗೆ ಮುಗಿದಂತೆ. ಬುಧವಾರ ಆಯಿಯ ಸರದಿ ಇತ್ತು, ಮೊಮ್ಮಗಳಿಗೆ ಬಿಟ್ಟುಕೊಟ್ಟಳು. ಏಳೂವರೆಗೆ ಆಯಿ, ಅವ್ವ, ಚಾಚಿ, ನಾನು, ನಾಲ್ಕೂ ಹೆಣ್ಣುಮಕ್ಕಳು ಅಪ್ಪನ ಸುತ್ತ ಕಾವಲಿನವರಂತೆ ಕೂತೆವು.

ಟೀವಿಯಲ್ಲಿ ಗಂಡನಿಲ್ಲ, ಸೋದರಮಾವನಿಲ್ಲ. ದೊಡ್ಡ ಬಂಗಲೆ, ಜರತಾರಿ ಸೀರೆ ಉಟ್ಟುಕೊಂಡೇ ಮಲಗಿದ್ದ ಅತ್ತೆ, ಮೂಲೆಯಲ್ಲಿ ಅಳುವ ಸೊಸೆ. ಮೂರು ಸಲ ಸಿಡಿಲು ಬಡಿಯಿತು, ಮೂರು ಸಲವೂ ಎಲ್ಲರ ಮುಖ ಸರದಿಯಂತೆ ತೋರಿಸಿದರು. ಹಿಂದಿನ ವಾರ ನಮ್ಮ ನಗೆಯ ಧಾರಾವಾಹಿಯ ಮನೆಯವರೆಲ್ಲ ಸಾಲಾಗಿ ನಿಂತು ಕೈ ಮುಗಿದಿದ್ದು ಹಬ್ಬಕ್ಕಲ್ಲ, ವಿದಾಯಕ್ಕೆ ಎಂದು ನಮಗೆ ಆಗ ಹೊಳೆಯಿತು.

“ಯಾರ ಸತ್ತಾರಂತ?” ಅಪ್ಪ ಕೇಳಿದ.

“ಇನ್ನೂ ಯಾರೂ ಸತ್ತಿಲ್ರಿ,” ಅವ್ವ ಅಂದಳು.

ಜಾಹೀರಾತು ಬಂತು. ಅವ್ವನ ಕೈ ರೂಢಿಯಂತೆ ಫಾರ್ಮನ್ನು ಮುಂದೆ ಸರಿಸಿತು. ಅಪ್ಪ ಅದರ ಕಡೆ ನೋಡಲೂ ಇಲ್ಲ, ಟೀವಿ ಬಂದ್ ಮಾಡಲು ಹೇಳಿ ಎದ್ದುಹೋದ.

ಮರುದಿನ ನಾನು ಕೇಬಲ್ ಇದ್ದವರ ಮನೆಗಳಿಗೆ ಹೋಗಿ, ಎಲ್ಲಾದರೂ ನಗೆಯ ಧಾರಾವಾಹಿ ಉಳಿದಿದೆಯೇ ಎಂದು ವಿಚಾರಿಸಿದೆ. ಯಾವ ಮನೆಯಲ್ಲಿ ಕೇಳಿದರೂ ಅಳುವಿನ ಹೊಸ ಧಾರಾವಾಹಿಯ ಸಮಯ ಹೇಳಿದರು. ಗಬ್ಬೂರಿನ ನಮ್ಮ ಓಣಿಯಲ್ಲಿ ಒಂದು ಬುಧವಾರದಲ್ಲಿ ನಗೆ ಅಷ್ಟು ತುಟ್ಟಿಯಾಗಿಬಿಟ್ಟಿತ್ತು. ಉಪಾಯ ಹೇಳಿದವಳು ಚಾಚಿ. “ಅವ್ರು ಬಂದ್ ಮಾಡಿದ್ರ ಏನಾತು, ನಾವ ಮಾಡೂಣು.”

ಶುಕ್ರವಾರ ಸಂಜೆ ಅಪ್ಪ ಚಹಾ ಹಿಡಿದು ಕೂತಿದ್ದಾಗ ಆಯಿ ಒಳಗಿನಿಂದ ಬಂದಳು. ಸೀರೆಯ ಮೇಲೆ ಅಪ್ಪನ ಖಾಕಿ ಅಂಗಿ, ತಲೆಗೆ ಅವನದೇ ಟೊಪ್ಪಿಗೆ. ಚಾಚಿಯದು ಕಾರ್ಖಾನೆಯ ಮೇಸ್ತ್ರಿಯ ಪಾತ್ರ. ನಾನು ಬರೆದುಕೊಟ್ಟ ಮಾತುಗಳನ್ನು ಆಯಿ ಮೊದಲ ಹೆಜ್ಜೆಗೇ ಮರೆತಳು. ಮರೆತವಳು ಸುಮ್ಮನೆ ನಿಲ್ಲಬೇಕಲ್ಲ, ಇಲ್ಲ. ಚಾಚಿಯ ಕೈಯಿಂದ ಪೆನ್ನು ಕಿತ್ತುಕೊಂಡು, ಕಾಗದವನ್ನು ಮಣೆಯ ಮೇಲಿಟ್ಟು, ತನ್ನ ಮಗ ಸಹಿ ಮಾಡುವುದನ್ನು ಮಾಡಿ ತೋರಿಸತೊಡಗಿದಳು. ಪೆನ್ನನ್ನು ಸರಳಿನಂತೆ ಬಿಗಿ ಹಿಡಿದಳು. ಒಂದು ಕಣ್ಣು ಮುಚ್ಚಿದಳು. ಉಸಿರು ಬಿಗಿಹಿಡಿದು, ನಾಲಿಗೆ ಹೊರಹಾಕಿ, ಗಾಳಿಯಲ್ಲಿ ಒಂದೊಂದೇ ಅಕ್ಷರ ಕೊರೆದಳು. ಕೊನೆಗೆ ಲೇಥ್ ಮೇಲಿನ ಕಬ್ಬಿಣದ ಪುಡಿ ಊದುವಂತೆ ಉಫ್ ಎಂದು ಊದಿದಳು.

ಹೆಬ್ಬೆಟ್ಟು ಒತ್ತಲು ನಾಚಿ, ಮದುವೆಯಾದ ಮೇಲೆ ತಾನೇ ಅಕ್ಷರ ತಿದ್ದಿಕೊಂಡು ಸಹಿ ಕಲಿತವನು ಅಪ್ಪ. ಅದನ್ನು ಯಾರೂ ಎತ್ತಿ ಆಡುತ್ತಿರಲಿಲ್ಲ. ಅವನ ಕೈಯಲ್ಲಿ ಚಹಾದ ಕಪ್ಪು ಹಾಗೆಯೇ ನಿಂತಿತ್ತು. ನನ್ನ ಕಾಲೇಜು ಮುಗಿಯಿತು ಅಂದುಕೊಂಡೆ.

ಆಮೇಲೆ ಚಹಾ ತುಳುಕಿತು. ಮೊದಲು ಭುಜ ಕುಣಿಯಿತು, ಆಮೇಲೆ ಹೊಟ್ಟೆ. ಯಾವ ಬುಧವಾರವೂ ಅಪ್ಪ ಹಾಗೆ ನಕ್ಕಿರಲಿಲ್ಲ. ಅವ್ವ ನಕ್ಕಳು, ಚಾಚಿ ಗೋಡೆಗೆ ಒರಗಿ ಕುಸಿದಳು, ನನಗೆ ಬಿಕ್ಕಳಿಕೆ ಬಂತು.

“ಯವ್ವಾ, ನನ್ನ ನಾಲಿಗಿ ಎಡಕ್ಕ ಬರ್ತೈತಿ. ನೀ ಬಲಕ್ಕ ತಗದಿ,” ಅಪ್ಪ ಅಂದ.

“ಹಂಗಾರ ನೀನ ತೋರಸಪಾ,” ಎಂದು ಆಯಿ ಕಾಗದ ಮುಂದೆ ಹಿಡಿದಳು. ಅದು ನನ್ನ ಅಡ್ಮಿಷನ್ ಫಾರ್ಮು.

ಅಪ್ಪ ಅದನ್ನು ಮೇಲಿನಿಂದ ಕೆಳಗಿನವರೆಗೆ ಅಕ್ಷರ ಕೂಡಿಸಿ ಕೂಡಿಸಿ ಓದಿದ. ನನ್ನ ಹೆಸರಿನ ಹತ್ತಿರ ಸ್ವಲ್ಪ ಹೊತ್ತು ನಿಂತ.

“ಪಾಲಕರ ಸಹಿ... ಇಲ್ಲೇನ?” ಅಂದ. ನಾಲಿಗೆ ಹೊರಗೆ ಬಂತು, ಎಡಕ್ಕೇ ಬಂತು. ಸಹಿ ಮಾಡಿ, ಪುಡಿ ಊದಿ, ಕಾಗದ ನನಗೆ ಕೊಟ್ಟ. “ಕೊರದಾತು. ಇನ್ನ ಅಂಟಸಾಕ ಬರಂಗಿಲ್ಲ.”

ಮುಂದೆ ನಮಗೂ ಕೇಬಲ್ ಬಂತು. ವಾರಕ್ಕೆ ಅರ್ಧ ತಾಸು ಇದ್ದದ್ದು ದಿನಕ್ಕೆ ಮೂರು ತಾಸಾಯಿತು, ಎಲ್ಲವೂ ಅಳುವೇ. ಅಷ್ಟು ಕಣ್ಣೀರಿನ ನಡುವೆ ಅರ್ಜಿ ಹಾಕುವುದು ಹೇಗೆ? ಹಾಗಾಗಿ ಪ್ರತಿ ವರ್ಷ ಫಾರ್ಮು ಬಂದಾಗ ಟೀವಿ ಬಂದ್ ಮಾಡಿ ಅಪ್ಪನೇ ಆಯಿಯನ್ನು ಕರೆಯುತ್ತಿದ್ದ. ಆಯಿ ಖಾಕಿ ಅಂಗಿ ತೊಟ್ಟು ಬರುತ್ತಿದ್ದಳು, ನಾಲಿಗೆ ಈಗ ಎಡಕ್ಕೆ.

ಎರಡು ಸಾವಿರದ ಇಸವಿಯ ಆಚೆ ನನ್ನ ಡಿಗ್ರಿ ಸರ್ಟಿಫಿಕೇಟು ಮನೆಗೆ ಬಂದ ದಿನ ಅಪ್ಪ ಅದನ್ನು ಬೆಳಕಿಗೆ ಹಿಡಿದು ಬಹಳ ಹೊತ್ತು ನೋಡಿದ. ಅವ್ವ ಕಣ್ಣೊರೆಸಿಕೊಳ್ಳಲು ಸೆರಗು ಹುಡುಕುತ್ತಿದ್ದಳು. ಅಪ್ಪ ಕೆಳಗಿದ್ದ ಕುಲಪತಿಗಳ ಸಹಿಯ ಮೇಲೆ ಬೆರಳಿಟ್ಟ.

“ಇವ್ರು ನಾಲಿಗಿ ಹೊರಗ ಹಾಕಿಲ್ಲ ನೋಡು,” ಅಂದ. “ಅದಕ್ಕ ಹಿಂಗ ಗೀಚ್ಯಾರ.”