ಓವನ್ನಿನಲ್ಲಿ ಒಣಗಿಸಿದ ಪರಂಗಿ ಎಲೆ

ಬುಧವಾರ ಮಧ್ಯಾಹ್ನ ಮೂರು ಗಂಟೆ ಹತ್ತು ನಿಮಿಷಕ್ಕೆ ಅಕ್ಕ ಕುಡಿದ ಕಷಾಯವನ್ನೆಲ್ಲ ವಾಂತಿ ಮಾಡಿಕೊಂಡಳು. ಸಮಯ ಇಷ್ಟು ಸರಿಯಾಗಿ ನೆನಪಿರುವುದಕ್ಕೆ ಕಾರಣವಿದೆ. ಯಾವ ಹೊತ್ತಿಗೆ ಜ್ವರ ಎಷ್ಟಿತ್ತು ಎಂದು ಕ್ಯಾಲೆಂಡರಿನ ಹಿಂಬದಿಯಲ್ಲಿ ಬರೆದಿಡುತ್ತಿದ್ದೆ, ಪೆನ್ನು ಕೈಯಲ್ಲೇ ಇತ್ತು. ವಾಂತಿ ಎಂದು ಬರೆದು ಮುಂದೆ ಸಮಯ ಹಾಕಿದೆ. ಆಮೇಲೆ ಆ ಹಾಳೆಯಲ್ಲಿ ಏನನ್ನೂ ಬರೆಯಲಿಲ್ಲ.

ನಾವಿಬ್ಬರೂ ಹಾವೇರಿ ಕಡೆಯವರು. ಪೀಣ್ಯದ ಎರಡನೇ ಹಂತದ ಹಿಂದೆ ಒಂದೇ ಕೋಣೆಯ ಬಾಡಿಗೆ ಮನೆ. ಆಗ ಮೆಟ್ರೋ ಕಂಬಗಳು ಏಳುತ್ತಿದ್ದ ಕಾಲ. ಅಕ್ಕ ಹತ್ತನೇ ತರಗತಿಗೆ ಓದು ಬಿಟ್ಟವಳು, ಗಾರ್ಮೆಂಟ್ಸ್‌ನಲ್ಲಿ ಶರ್ಟಿನ ಕಾಲರ್ ಹೊಲಿಯುತ್ತಿದ್ದಳು. ನಾನು ಕೆಮಿಸ್ಟ್ರಿಯಲ್ಲಿ ಬಿ.ಎಸ್ಸಿ. ಮಾಡಿ, ಬೋಲ್ಟುಗಳಿಗೆ ಸತುವಿನ ಲೇಪ ಕೊಡುವ ಒಂದು ಸಣ್ಣ ಪ್ಲೇಟಿಂಗ್ ಘಟಕದ ಲ್ಯಾಬಿನಲ್ಲಿದ್ದೆ. ತೊಟ್ಟಿಗಳ ದ್ರಾವಣ ನೋಡುವುದು, ಹೊರಗೆ ಬಿಡುವ ನೀರಿನಲ್ಲಿ ಕ್ರೋಮಿಯಂ ಉಳಿದಿದೆಯೇ ಎಂದು ಪರೀಕ್ಷಿಸುವುದು ನನ್ನ ಕೆಲಸ. ಬೋಲ್ಟುಗಳ ಮೇಲಿನ ಹಳದಿ ಹೊಳಪು ಕ್ರೋಮಿಯಂನದು. ಅದು ವಿಷ, ಕೈಗವಸು ಹಾಕಿಕೊಳ್ಳಿ ಎಂದು ಹೊಸಬರಿಗೆ ಹೇಳಿಕೊಡುತ್ತಿದ್ದವಳೂ ನಾನೇ.

ಅಕ್ಕನಿಗೆ ಜ್ವರ ಬಂದು ಮೂರನೇ ದಿನಕ್ಕೆ ಡೆಂಗಿ ಎಂದು ಗೊತ್ತಾಯಿತು. ಕ್ಲಿನಿಕ್ಕಿನವರು ಚೆನ್ನಾಗಿ ನೀರು ಕುಡಿಸಿ, ರಕ್ತ ಪರೀಕ್ಷೆ ತಪ್ಪಿಸಬೇಡಿ ಎಂದು ಕಳಿಸಿದರು. ಮನೆ ಓನರ್ ಆಂಟಿ ಸಂಜೆಗೇ ಪರಂಗಿ ಎಲೆಯ ರಸ ಹಿಡಿದುಕೊಂಡು ಬಂದರು. ಪ್ಲೇಟ್‌ಲೆಟ್ ಏರಿಸುವುದಕ್ಕೆ ಇದಕ್ಕಿಂತ ಬೇರೆ ಔಷಧಿಯಿಲ್ಲ ಎಂದು ಆ ವರ್ಷ ಎಲ್ಲರ ಬಾಯಲ್ಲೂ ಇತ್ತು. ನಮ್ಮ ಬೀದಿಯ ಪರಂಗಿ ಗಿಡಗಳು ಬರೀ ಕಾಯಿ ಹೊತ್ತು ನಿಂತಿದ್ದವು, ಎಲೆ ಒಂದೂ ಇರಲಿಲ್ಲ.

ಅಕ್ಕ ಒಂದು ಗುಟುಕು ಬಾಯಿಗೆ ಹಾಕಿಕೊಂಡು ಉಗಿದುಬಿಟ್ಟಳು. "ಇದನ್ನ ಕುಡದು ಬದುಕೋದಕಿಂತ ಜ್ವರಾನ ಚಲೋ ಐತಿ," ಎಂದಳು. ಆಂಟಿ ನಕ್ಕು, ಹಾಗಾದರೆ ಎಲೆ ಒಣಗಿಸಿ ಪುಡಿ ಮಾಡಿ, ಬೆಲ್ಲ ಹಾಕಿ ಟೀ ಥರ ಕುದಿಸಿ ಕೊಡು, ಇಳಿಯುತ್ತೆ ಎಂದರು. ತಮ್ಮ ಅಣ್ಣನ ಮನೆಯಿಂದ ಐದಾರು ಎಲೆ ತರಿಸಿಯೂ ಕೊಟ್ಟರು. ಒಣಗಿಸುವುದೆಲ್ಲಿ? ವಾರದಿಂದ ಬಿಸಿಲೇ ಬಿದ್ದಿರಲಿಲ್ಲ. ಒಗೆದ ಬಟ್ಟೆಗಳೇ ಕೋಣೆಯೊಳಗೆ ಮುಗ್ಗು ನಾರುತ್ತಿದ್ದವು.

ನಮ್ಮ ಘಟಕದಲ್ಲಿ ಬೋಲ್ಟುಗಳನ್ನು ಕ್ರೋಮಿಯಂ ತೊಟ್ಟಿಯಿಂದ ತೆಗೆದು ತೊಳೆದ ಮೇಲೆ ಒಣಗಿಸುವುದಕ್ಕೆ ಆಳೆತ್ತರದ ಒಂದು ಓವನ್ ಇತ್ತು. ಮಳೆಗಾಲದಲ್ಲಿ ಅದು ಎಲ್ಲರದೂ ಆಗಿಬಿಡುತ್ತಿತ್ತು. ನೆನೆದ ಸಾಕ್ಸು, ಜರ್ಕಿನ್ನು ಅದರೊಳಗೇ ಒಣಗುತ್ತಿದ್ದವು. ಒಬ್ಬ ಫಿಟ್ಟರ್ ದಿನಾ ಮಧ್ಯಾಹ್ನ ತನ್ನ ಚಪಾತಿ ಡಬ್ಬಿಯನ್ನು ಅದರ ನೆತ್ತಿಯ ಮೇಲಿಟ್ಟು ಬಿಸಿ ಮಾಡಿಕೊಳ್ಳುತ್ತಿದ್ದ. ಯಾರೂ ಬೇಡವೆಂದವರಿಲ್ಲ, ನಾನೂ ಅಂದಿರಲಿಲ್ಲ. ಸೋಮವಾರ ಊಟದ ಬಿಡುವಿನಲ್ಲಿ, ಬೋಲ್ಟುಗಳನ್ನು ಹರಡುವ ತಂತಿಯ ಟ್ರೇ ಮೇಲೆ ದಿನಪತ್ರಿಕೆ ಹಾಸಿ, ಎಲೆಗಳನ್ನು ಹರಡಿ, ಅರವತ್ತು ಡಿಗ್ರಿಗೆ ಇಟ್ಟೆ. ಮುಕ್ಕಾಲು ಗಂಟೆಯಲ್ಲಿ ಹಪ್ಪಳದಂತಾದವು. ಹಸಿರು ಬಣ್ಣವೂ ಹೋಗಿರಲಿಲ್ಲ. ನನಗೆ ಹೆಮ್ಮೆಯಾಗಿತ್ತು.

ತೆಗೆಯುವಾಗ ನೋಡಿದೆ: ಕಾಗದ ಒಂದು ಕಡೆ ಜರುಗಿ ಎರಡು ಎಲೆ ನೇರವಾಗಿ ತಂತಿಗೆ ತಾಕಿದ್ದವು. ಕಾಗದದ ಅಂಚಿಗೆ ತೆಳು ಹಳದಿ ಗೆರೆಗಳು ಹತ್ತಿದ್ದವು. ಆ ಕ್ಷಣ ನನಗೇನೂ ಹೊಳೆಯಲಿಲ್ಲ ಎಂದರೆ ಸುಳ್ಳಾಗುತ್ತದೆ. ಹೊಳೆಯಿತು. ಬಿಸಿಗೆ ಕಾಗದ ಹಳದಿಯಾಗುತ್ತದಲ್ಲ ಎಂದು ನನಗೆ ನಾನೇ ಹೇಳಿಕೊಂಡು, ಕಾಗದವನ್ನು ಮುದುಡಿ ಬುಟ್ಟಿಗೆ ಎಸೆದೆ. ಎಲೆಗಳನ್ನು ಡಬ್ಬಿಗೆ ತುಂಬಿದೆ.

ಅಂದು ಸಂಜೆ ಮೊದಲು ನಾನೇ ಅರ್ಧ ಲೋಟ ಕುಡಿದು ನೋಡಿದೆ. ಒಣಹುಲ್ಲು ನೆನೆಸಿದ ನೀರಿನ ವಾಸನೆ, ಬೆಲ್ಲದ ಸಿಹಿ, ನುಂಗಿದ ಮೇಲೆ ನಾಲಿಗೆಯ ಬುಡದಲ್ಲಿ ಕಹಿ. ಅಕ್ಕ ಮೂಗು ಮುಚ್ಚಿಕೊಂಡು ಕುಡಿದಳು. "ಡಿಗ್ರಿ ಮಾಡಿದಾಕಿ ಚಾ ಕಾಸಿದ್ರ ಹಿಂಗ ಇರತೈತಿ ನೋಡು," ಎಂದಳು. ಮಂಗಳವಾರ ಎರಡು ಲೋಟ. ಬುಧವಾರ ಬೆಳಿಗ್ಗೆ ಜ್ವರ ಇಳಿದಿತ್ತು. ಕಷಾಯ ಹಿಡಿಯಿತು ಎಂದುಕೊಂಡು, ಅವತ್ತಿನ ರಕ್ತ ಪರೀಕ್ಷೆಯನ್ನು ನಾಳೆಗೆ ದೂಡಿದೆ. ಮಧ್ಯಾಹ್ನ ನಾಲ್ಕನೇ ಲೋಟ ಕೊಟ್ಟೆ.

ಮೂರು ಸಲ ವಾಂತಿಯಾದ ಮೇಲೆ ಅವಳ ಕೈಕಾಲು ತಣ್ಣಗಾದವು. ಹೊಟ್ಟೆ ಹಿಡಿದುಕೊಂಡು ಗೋಡೆ ಕಡೆ ಮುಖ ಮಾಡಿ ಮಲಗಿಬಿಟ್ಟಳು. ಆಂಟಿ ಆಟೋ ಕರೆದರು. ಆಸ್ಪತ್ರೆಯಲ್ಲಿ ನನ್ನ ವಯಸ್ಸಿನವರೇ ಒಬ್ಬ ಡಾಕ್ಟರಮ್ಮ ಇದ್ದರು. ಮನೆಯಲ್ಲಿ ಏನೇನು ಕೊಟ್ಟಿದ್ದೀರಿ ಎಂದು ಕೇಳಿದರು. ಪರಂಗಿ ಎಲೆ ಎಂದೆ. ಎಲ್ಲರೂ ಅದನ್ನೇ ಕೊಟ್ಟು ಕರಕೊಂಡು ಬರ್ತೀರಿ ಎಂದು, ತಲೆಯೆತ್ತದೆ ಬರೆದುಕೊಂಡರು. ಜ್ವರ ಇಳಿದ ಮೇಲೆಯೇ ಈ ಕಾಯಿಲೆಯಲ್ಲಿ ಅಪಾಯ ಹೆಚ್ಚು ಎಂದು ನನಗೆ ತಿಳಿದದ್ದು ಅಲ್ಲಿ.

ಮರುದಿನ ಬೆಳಿಗ್ಗೆ ಅವರು ನನ್ನನ್ನು ವಾರ್ಡಿನ ಹೊರಗೆ ಕರೆದರು. ಡೆಂಗಿಗೆ ಪ್ಲೇಟ್‌ಲೆಟ್ ಬಿದ್ದಿರುವುದು ಸರಿ, ಲಿವರ್ ಊದಿಕೊಂಡಿರುವುದೂ ಸರಿ, ಆದರೆ ಕಿಡ್ನಿಯ ರಿಪೋರ್ಟ್ ಯಾಕೆ ಹೀಗೆ ಬಂದಿದೆ ಎಂದರು. ನಾಟಿ ಔಷಧಿ, ಭಸ್ಮ, ಮಾತ್ರೆ, ಬೇರೆ ಏನಾದರೂ ಕೊಟ್ಟಿದ್ದೀರಾ?

"ಇಲ್ಲ ಮೇಡಂ," ಎಂದೆ.

ಯಾಕೆ ಹಾಗೆ ಹೇಳಿದೆ ಎಂದು ಇಂದಿಗೂ ನನ್ನನ್ನು ನಾನು ಕೇಳಿಕೊಳ್ಳುತ್ತೇನೆ. ಓವನ್ನಿನ ವಿಷಯ ಎತ್ತಿದರೆ ಕೆಲಸ ಹೋಗುತ್ತದೆ ಎಂಬ ಭಯ ಇದ್ದದ್ದು ನಿಜ. ಆದರೆ ಅದಕ್ಕಿಂತ ಹೆಚ್ಚಾಗಿ, ಬಾಯಿಬಿಟ್ಟು ಹೇಳಿದರೆ ಅದು ನಿಜವೇ ಆಗಿಬಿಡುತ್ತದೆ ಎನಿಸಿತ್ತು.

ಅಲ್ಲಿಂದ ಬಸ್ಸು ಹತ್ತಿ ಮನೆಗೆ ಹೋಗಿ, ಉಳಿದ ಎಲೆಯ ಡಬ್ಬಿ ಎತ್ತಿಕೊಂಡು ಲ್ಯಾಬಿಗೆ ಹೋದೆ. ಎಲೆ ಚೂರುಗಳನ್ನು ತಣ್ಣೀರಿನಲ್ಲಿ ಅಲುಗಿಸಿ ಸೋಸಿದೆ. ಟ್ರೇಯ ತಂತಿಯನ್ನು ಒದ್ದೆ ಹತ್ತಿಯಿಂದ ಒರೆಸಿ ಇನ್ನೊಂದು ಗಾಜಿನ ನಳಿಕೆಗೆ ಹಿಂಡಿದೆ. ಕ್ರೋಮಿಯಂ ಇದ್ದರೆ ನಾವು ಹಾಕುವ ದ್ರಾವಣಕ್ಕೆ ನೇರಳೆ ಬಣ್ಣ ಬರುತ್ತದೆ. ಟ್ರೇಯ ನಳಿಕೆ ಕಡುನೇರಳೆಗೆ ತಿರುಗಿತು. ಎಲೆಯ ನೀರು ನಿಧಾನವಾಗಿ ತಿರುಗಿತು, ತೆಳುವಾಗಿ. ಎರಡನ್ನೂ ಕಿಟಕಿಯ ಬೆಳಕಿಗೆ ಹಿಡಿದು ನಿಂತಿದ್ದೆ. ಹೊರಗೆ ಬಿಡುವ ನೀರಿಗೆ ಅಷ್ಟು ಬಣ್ಣ ಬಂದಿದ್ದರೆ ನಾನು ಸಹಿ ಹಾಕುತ್ತಿರಲಿಲ್ಲ.

ಮತ್ತೆ ಆಸ್ಪತ್ರೆಗೆ ಹೋಗಿ ಡಾಕ್ಟರಮ್ಮನಿಗೆ ಎಲ್ಲ ಹೇಳಿದೆ. ಅವರು ಬೈಯಲಿಲ್ಲ. ಎಷ್ಟು ಲೋಟ ಎಂದು ಮಾತ್ರ ಕೇಳಿದರು. ನಾಲ್ಕು, ಕೊನೆಯದು ಹೊರಗೆ ಬಂತು ಎಂದೆ.

"ಬೆಳಿಗ್ಗೆ ಕೇಳಿದ್ನಲ್ಲಮ್ಮ," ಎಂದರು.

ಅವರು ಒಂದು ಚೀಟಿ ಕೊಟ್ಟು ಆ ರಾಸಾಯನಿಕದ ಹೆಸರು ಬರೆಯಲು ಹೇಳಿ, ದೊಡ್ಡ ಡಾಕ್ಟರಿಗೆ ಫೋನ್ ಮಾಡಿದರು. ಅಕ್ಕನನ್ನು ಐಸಿಯುಗೆ ಸಾಗಿಸಿದರು. ಗಂಟೆಗೊಮ್ಮೆ ಮೂತ್ರ ಅಳೆಯುತ್ತಿದ್ದರು. ಮೂರು ದಿನ ನನಗೆ ಬೇಕಾಗಿದ್ದದ್ದು ಆ ಒಂದು ಅಳತೆ ಮಾತ್ರ. ಅದು ಹೆಚ್ಚಾದರೆ ಉಸಿರು ಬಿಡುತ್ತಿದ್ದೆ, ಕಡಿಮೆಯಾದರೆ ನರ್ಸಿನ ಮುಖ ನೋಡುತ್ತಿದ್ದೆ. ನಾಲ್ಕನೇ ದಿನ ಅಕ್ಕ ಮೊಸರನ್ನ ಬೇಕೆಂದಳು.

ಹೊರಗಿನ ಲ್ಯಾಬಿಗೆ ಕಳಿಸಿದ್ದ ರಕ್ತದ ವರದಿ ಬರುವ ಹೊತ್ತಿಗೆ ಅವಳು ಎದ್ದು ಓಡಾಡುತ್ತಿದ್ದಳು. ಕ್ರೋಮಿಯಂ ಇರಬೇಕಾದ್ದಕ್ಕಿಂತ ಸ್ವಲ್ಪ ಹೆಚ್ಚಿತ್ತು. ಡೆಂಗಿ ಒಂದರಿಂದಲೇ ಇದೆಲ್ಲ ಆಗಬಹುದು, ಕಷಾಯವೂ ಸೇರಿರಬಹುದು, ಖಚಿತವಾಗಿ ಯಾರೂ ಹೇಳಲಾರರು ಎಂದರು ಡಾಕ್ಟರಮ್ಮ. ಅಕ್ಕನನ್ನು ಕಾಯಿಲೆ ಕೊಲ್ಲಹೊರಟಿತ್ತೋ ನಾನೋ ಎಂಬುದು ನನಗೆ ಯಾವತ್ತೂ ತಿಳಿಯುವುದಿಲ್ಲ. ಕೆಲಸಕ್ಕೆ ಮರಳಿದ ದಿನ ಆ ಫಿಟ್ಟರನಿಗೆ ನಡೆದದ್ದನ್ನು ಹೇಳಿದೆ. ಅವನು ಡಬ್ಬಿ ಇಡುವುದನ್ನು ಬಿಟ್ಟ. ಸಾಕ್ಸುಗಳು ನಿಲ್ಲಲಿಲ್ಲ.

ಆದರೆ ಅಕ್ಕನಿಗೇ ಹೇಳಿರಲಿಲ್ಲ. ಮನೆಗೆ ಬಂದ ಮೇಲೆ ಮೂರು ವಾರ, ಪ್ರತಿ ರಾತ್ರಿ ಎರಡು ಮೂರು ಸಲ ಎದ್ದು ಅವಳ ಮೂಗಿನ ಬಳಿ ಕೈ ಹಿಡಿದು ಉಸಿರು ನೋಡುತ್ತಿದ್ದೆ. ಅವಳಿಗೆ ಎಚ್ಚರವಾಗುತ್ತಿತ್ತು. ಆಮೇಲೆ ಇಬ್ಬರಿಗೂ ನಿದ್ದೆಯಿಲ್ಲ.

ಒಂದು ಭಾನುವಾರ ಬೆಳಿಗ್ಗೆ ಅವಳು ಮೆಂತ್ಯ ಸೊಪ್ಪು ಬಿಡಿಸುತ್ತಿದ್ದಾಗ ಎದುರು ಕೂತು ಓವನ್ನು, ಹಳದಿ ಗೆರೆ, ಡಾಕ್ಟರಿಗೆ ಹೇಳಿದ ಸುಳ್ಳು, ಎಲ್ಲವನ್ನೂ ಹೇಳಿದೆ. ಅವಳ ಕೈ ನಿಲ್ಲಲಿಲ್ಲ. ಸೊಪ್ಪು ಪೂರ್ತಿ ಬಿಡಿಸಿ, ತೊಳೆದು, ಅಡುಗೆ ಮಾಡಿದಳು. ಎರಡು ದಿನ ನನ್ನೊಡನೆ ಒಂದು ಮಾತೂ ಆಡಲಿಲ್ಲ.

ಮಂಗಳವಾರ ರಾತ್ರಿ ಊಟಕ್ಕೆ ಕೂತಾಗ ತಟ್ಟೆ ನೋಡುತ್ತಲೇ ಹೇಳಿದಳು: "ಡಾಕ್ಟರಿಗಿಂತ ಮೊದಲ ನನಗ ಹೇಳಬೇಕಿತ್ತು. ಹೊಟ್ಟಿ ನಂದು."

"ತಪ್ಪಾತಕ್ಕ," ಎಂದೆ.

"ತಪ್ಪು ಹೌದು," ಎಂದಳು. ಅನ್ನಕ್ಕೆ ಸಾರು ಬಡಿಸಿಕೊಳ್ಳುತ್ತಾ, "ಇವತ್ತ ಮೂಗಿನ ಹತ್ರ ಕೈ ತಂದ್ರ ಕಡೀತೀನಿ," ಎಂದಳು.

ರಾತ್ರಿ ಒಮ್ಮೆಯೂ ಏಳದೆ ಮಲಗಿ, ಬುಧವಾರ ನಾವಿಬ್ಬರೂ ಎದ್ದಾಗ ಏಳೂವರೆ ದಾಟಿತ್ತು. ಬೆಳಗಿನ ಜಾವ ನಲ್ಲಿಗೆ ಬಿಡುವ ಕಾವೇರಿ ನೀರು ಬಂದು ನಿಂತುಹೋಗಿತ್ತು. ಒಂದು ಕೊಡವೂ ತುಂಬಿರಲಿಲ್ಲ.